ಮಗುವಿನ ಮನಸ್ಸಿಗೂ ಅಕ್ಷರಾಭ್ಯಾಸ ಬೇಕು



ಪವಿತ್ರ ಕುಟುಂಬದ ಹಬ್ಬದಂದು ಓದಲಾಗುವ ಶುಭಸಂದೇಶಗಳಲ್ಲಿ ಸಂತ ಲೂಕರು ಬರೆದ ಒಂದು ಪ್ರಸಂಗವಿದೆ. ಹನ್ನೆರಡು ವರ್ಷದ ಬಾಲಯೇಸು ಕಾಣೆಯಾಗಿ ಮೂರು ದಿನಗಳ ಮೇಲೆ ದೇವಾಲಯದಲ್ಲಿ ಸಿಕ್ಕಾಗ, ತಾವಿಬ್ಬರೂ ಎಷ್ಟು ಕಳವಳಪಟ್ಟೆವೆಂಬುದನ್ನು ಮರಿಯಮ್ಮನವರು ಮಗನಿಗೆ ಬಾಯಿಬಿಟ್ಟು ಹೇಳಿದರು. ಮಗನ ಉತ್ತರವನ್ನೂ ಕೇಳಿಸಿಕೊಂಡರು. ಅದು ಪೂರ್ತಿ ಅರ್ಥವಾಗದಿದ್ದರೂ ಮನಸ್ಸಿನಲ್ಲಿಟ್ಟುಕೊಂಡರು.

ಮನಸ್ಸಿನಲ್ಲಿರುವುದನ್ನು ಹೇಳುವುದು, ಎದುರಿನವರದ್ದನ್ನು ಕೇಳುವುದು ತಾನಾಗಿ ಬರುವುದಿಲ್ಲ, ಕಲಿಸಬೇಕು. ಶಿಕ್ಷಣತಜ್ಞರು ಇದನ್ನು ಸಾಮಾಜಿಕ ಮತ್ತು ಭಾವನಾತ್ಮಕ ಕಲಿಕೆ ಎನ್ನುತ್ತಾರೆ. ಇದರಲ್ಲಿ ಐದು ಅಂಶಗಳಿವೆ: ತನ್ನ ಭಾವನೆಯನ್ನು ಗುರುತಿಸುವುದು, ಅದನ್ನು ಹಿಡಿತದಲ್ಲಿಡುವುದು, ಇನ್ನೊಬ್ಬರ ನೋವನ್ನು ಅರಿಯುವುದು, ಸ್ನೇಹ ಉಳಿಸಿಕೊಳ್ಳುವುದು, ಯೋಚಿಸಿ ನಿರ್ಧರಿಸುವುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇದಕ್ಕೆ ಸ್ಥಾನ ಕೊಟ್ಟಿದೆ.

ನಮ್ಮ ವಾಡಿಯಂಥ ಊರಿಗೆ ಇದು ಹೆಚ್ಚು ಅಗತ್ಯ. ಸಿಮೆಂಟ್ ಕಾರ್ಖಾನೆ, ರೈಲ್ವೆ ಜಂಕ್ಷನ್, ಸುತ್ತಲಿನ ಕಲ್ಲಿನ ಗಣಿಗಳು ನಾನಾ ಕಡೆಯ ಜನರನ್ನು ಕರೆತಂದಿವೆ. ಕನ್ನಡ, ಉರ್ದು, ತೆಲುಗು, ಮರಾಠಿ, ಹಿಂದಿ ಮನೆಮಾತಿನ ಮಕ್ಕಳು ಒಂದೇ ಊರಿನಲ್ಲಿ ಆಡಿ ಬೆಳೆಯುತ್ತಾರೆ. ರಾತ್ರಿ ಪಾಳಿ ಮುಗಿಸಿದ ಅಪ್ಪ ಮಲಗಿರುವಾಗಲೇ ಮಗು ಶಾಲೆಗೆ ಹೊರಟಿರುತ್ತದೆ. ಮಾತಾಡಲು ಸಿಗುವ ಹೊತ್ತೇ ಕಡಿಮೆ.

ನಮ್ಮ ರಾಜ್ಯಕ್ಕೆ ಈ ದಾರಿ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ಸಾಲಾಗಿ ಕೂರದೆ ಗುಂಪುಗಳಲ್ಲಿ ಕೂರುತ್ತಾರೆ. ಕೆಲವು ಗುಂಪುಗಳಿಗೆ ಶಿಕ್ಷಕರ ನೆರವು, ಕೆಲವಕ್ಕೆ ಸಹಪಾಠಿಗಳ ನೆರವು, ಒಂದು ಗುಂಪಿಗೆ ಸ್ವಂತ ಕಲಿಕೆ. ಗೆಳೆಯನಿಗೆ ಲೆಕ್ಕ ಹೇಳಿಕೊಡುವ ಮಗು ಲೆಕ್ಕದ ಜೊತೆಗೆ ತಾಳ್ಮೆಯನ್ನೂ ಕಲಿಯುತ್ತದೆ.

ಮನೆಯಲ್ಲಿ ನಾವು ಮಾಡಬೇಕಾದದ್ದೇನು? ಮಗು ಸಿಟ್ಟಿನಿಂದ ಪಾಟಿಚೀಲ ಎಸೆದಾಗ ಮೊದಲು ಆ ಭಾವನೆಗೆ ಹೆಸರು ಕೊಡಿ: "ನಿನಗ ಸಿಟ್ಟು ಬಂದದ, ಹೌದಲ್ಲ?" ಆಮೇಲೆ ಮಿತಿ ಹೇಳಿ: "ಸಿಟ್ಟು ಬರಲಿ, ಆದರ ಚೀಲ ಒಗೀಬ್ಯಾಡ." ಅದು ತಣ್ಣಗಾದ ಮೇಲೆ ಏನಾಯಿತೆಂದು ಕೇಳಿ. ಭಾವನೆ ತಪ್ಪಲ್ಲ, ನಡತೆಗೆ ಮಾತ್ರ ಮಿತಿಯುಂಟು ಎಂಬುದು ಮಗುವಿಗೆ ತಿಳಿಯಬೇಕು. "ಗಂಡು ಹುಡುಗ ಅಳಬಾರದು" ಎಂಬ ಮಾತನ್ನು ಬಿಟ್ಟುಬಿಡೋಣ. ಬೆತ್ತದಿಂದ ಮಗು ಸುಮ್ಮನಾಗಬಹುದು, ಶಾಂತವಾಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

ಇದು ಕೇವಲ ಒಳ್ಳೆಯ ನಡತೆಯ ಪ್ರಶ್ನೆಯಲ್ಲ. ಅತ್ತರೆ ಬೈಸಿಕೊಳ್ಳುವ ಮಗು ಹೇಳುವುದನ್ನೇ ನಿಲ್ಲಿಸುತ್ತದೆ. ನಾಳೆ ಯಾರಾದರೂ ಅದನ್ನು ಕೆಟ್ಟ ರೀತಿಯಲ್ಲಿ ಮುಟ್ಟಿದರೆ, ಹೆದರಿಸಿದರೆ, ಆ ಭಯವನ್ನು ಹೇಳಲು ಮಾತೂ ಇರುವುದಿಲ್ಲ, ಧೈರ್ಯವೂ ಇರುವುದಿಲ್ಲ. 2012ರ ಪೋಕ್ಸೊ ಕಾಯ್ದೆ ಇದೆ, ಮಕ್ಕಳ ಸಹಾಯವಾಣಿ 1098 ಇದೆ. ಆದರೆ ಮಗು ಬಾಯಿ ಬಿಡದಿದ್ದರೆ ಇವು ನೆರವಿಗೆ ಬರುವುದು ಕಷ್ಟ.

ಸಂಜೆಯ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಐದು ನಿಮಿಷ ಟಿ.ವಿ., ಮೊಬೈಲ್ ಬದಿಗಿಡಿ. "ಇವತ್ತು ಯಾವುದಕ್ಕ ಖುಷಿ ಆಯ್ತು? ಯಾವುದಕ್ಕ ಅಂಜಿಕಿ ಆಯ್ತು?" ಎಂದು ಕೇಳಿ, ನಿಮ್ಮದನ್ನೂ ಹೇಳಿ. ನಡುವೆ ಉಪದೇಶ ಬೇಡ. ಕೇಳಿಸಿಕೊಂಡರೆ ಸಾಕು.