ವಿದ್ಯಾರ್ಥಿನಿಲಯಕ್ಕೆ ಬೆಡ್‌ಶೀಟ್ ಮತ್ತು ಹೊದಿಕೆಯ ಆಯ್ಕೆ: ವಿದ್ಯಾರ್ಥಿಗಳು ಹಾಗೂ ಪೋಷಕರ ಗಮನಕ್ಕೆ

ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಗ್ರಾಮಗಳಿಂದ ಪ್ರತಿ ವರ್ಷ ಅನೇಕ ವಿದ್ಯಾರ್ಥಿಗಳು ತಾಲ್ಲೂಕು ಕೇಂದ್ರಗಳ ಹಾಗೂ ಕಲಬುರಗಿ ನಗರದ ವಿದ್ಯಾರ್ಥಿನಿಲಯಗಳಿಗೆ ಸೇರುತ್ತಾರೆ. ಶುಲ್ಕ, ಪುಸ್ತಕ ಹಾಗೂ ಪ್ರಯಾಣದ ವೆಚ್ಚಗಳು ಒಮ್ಮೆಲೇ ಎದುರಾಗುವ ಈ ಸಮಯದಲ್ಲಿ ಅನಗತ್ಯ ಖರೀದಿಯು ಕುಟುಂಬಕ್ಕೆ ಹೊರೆಯಾಗುತ್ತದೆ. ಆದುದರಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಖರೀದಿಗೆ ಮುನ್ನ

ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಪ್ರವೇಶ ದೊರೆತವರು ಮಂಚ, ಹಾಸಿಗೆ, ದಿಂಬು, ಬೆಡ್‌ಶೀಟ್ ಹಾಗೂ ಹೊದಿಕೆಗಳ ಪೈಕಿ ನಿಲಯದಿಂದ ಯಾವುವು ದೊರೆಯುತ್ತವೆ ಎಂಬುದನ್ನು ನಿಲಯ ಮೇಲ್ವಿಚಾರಕರಿಂದ ಮೊದಲು ತಿಳಿದುಕೊಳ್ಳತಕ್ಕದ್ದು. ದೊರೆಯದ ವಸ್ತುಗಳನ್ನು ಮಾತ್ರ ಖರೀದಿಸುವುದು ಸೂಕ್ತ. ಖಾಸಗಿ ನಿಲಯಗಳಿಗೂ ಇದು ಅನ್ವಯಿಸುತ್ತದೆ.

2. ಅಳತೆ

ಒಬ್ಬರ ಹಾಸಿಗೆಯು ಸಾಮಾನ್ಯವಾಗಿ 6 ಅಡಿ ಉದ್ದ, 3 ಅಡಿ ಅಗಲವಿರುತ್ತದೆ. 4 ಅಂಗುಲ ದಪ್ಪದ ಇಂತಹ ಹಾಸಿಗೆಗೆ 60 ಅಂಗುಲ ಅಗಲ, 90 ಅಂಗುಲ ಉದ್ದದ ಬೆಡ್‌ಶೀಟ್ ಸಾಕಾಗುತ್ತದೆ. ಅಗಲದಲ್ಲಿ ಪ್ರತಿ ಬದಿಗೆ 8 ಅಂಗುಲ, ಉದ್ದದಲ್ಲಿ ಪ್ರತಿ ತುದಿಗೆ 5 ಅಂಗುಲ ಒಳಗೆ ಮಡಚಲು ಉಳಿಯುತ್ತದೆ. ಇಬ್ಬರ ಮಂಚದ ಬೆಡ್‌ಶೀಟ್ ಕೊಂಡಲ್ಲಿ ಹಣವೂ ಹೆಚ್ಚು, ಒಗೆಯುವ ಶ್ರಮವೂ ಹೆಚ್ಚು.

3. ಬಟ್ಟೆಯ ಗುಣ

ಈ ಭಾಗದಲ್ಲಿ ಏಪ್ರಿಲ್ ಹಾಗೂ ಮೇ ತಿಂಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಬೆವರನ್ನು ಹೀರುವ ಹತ್ತಿ ಬಟ್ಟೆಯೇ ಇಲ್ಲಿಗೆ ಯೋಗ್ಯ. ಪಾಲಿಯೆಸ್ಟರ್ ಬೇಗ ಒಣಗುತ್ತದೆಯಾದರೂ ಬೆವರನ್ನು ಹೀರುವುದಿಲ್ಲ. ಮೈಕ್ರೋಫೈಬರ್ ಎಂದು ಮಾರಾಟವಾಗುವುದೂ ಸಾಮಾನ್ಯವಾಗಿ ಪಾಲಿಯೆಸ್ಟರ್ ಆಗಿರುತ್ತದೆ. ಚೀಟಿಯ ಮೇಲೆ ನೂರಕ್ಕೆ ನೂರು ಹತ್ತಿ ಎಂದು ನಮೂದಾಗಿದೆಯೇ ಎಂದು ಪರಿಶೀಲಿಸಬೇಕು. ಕೈಮಗ್ಗದ ಬಟ್ಟೆಯಾದಲ್ಲಿ 2006ರಲ್ಲಿ ಜಾರಿಗೆ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಚಿಹ್ನೆಯನ್ನು ನೋಡಬಹುದು.

4. ಹೊದಿಕೆ

ಆಳಂದ, ಅಫಜಲಪುರ ಭಾಗದವರಿಗೆ ಸಮೀಪದ ಸೊಲ್ಲಾಪುರದ ಚಾದರ ಚಿರಪರಿಚಿತ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಚಾದರವು ದಪ್ಪವಾಗಿದ್ದು, ಚಳಿಗಾಲದಲ್ಲಿ ಹೊದೆಯಲು ಉತ್ತಮ. ಒಗೆದಾಗ ಭಾರವಾಗುವುದರಿಂದ ದಿನನಿತ್ಯ ಹಾಸಲು ತಕ್ಕುದಲ್ಲ. ಮನೆಯಲ್ಲಿ ಹಳೆಯ ಸೀರೆಗಳಿಂದ ಹೊಲಿದ ಕೌದಿ ಇದ್ದಲ್ಲಿ ಬೇರೆ ಹೊದಿಕೆಯ ಅವಶ್ಯಕತೆಯಿರುವುದಿಲ್ಲ. ಕೌದಿಯನ್ನು ನಿಲಯಕ್ಕೆ ತರಲು ಸಂಕೋಚಪಡಬೇಕಾಗಿಲ್ಲ.

5. ಎಷ್ಟು ಬೇಕು

ಬೆಲೆಬಾಳುವ ಒಂದು ಬೆಡ್‌ಶೀಟ್‌ಗಿಂತ ಸಾಧಾರಣ ಬೆಲೆಯ ಎರಡು ಬೆಡ್‌ಶೀಟ್‌ಗಳು ಹೆಚ್ಚು ಉಪಯುಕ್ತ. ತರಗತಿಗಳು ಆರಂಭವಾಗುವುದು ಬಹುತೇಕ ಮಳೆಗಾಲದಲ್ಲಿ. ಒಂದೇ ಇದ್ದಲ್ಲಿ ಅದು ಒಣಗದೆ ವಿದ್ಯಾರ್ಥಿಯು ಒಗೆಯುವುದನ್ನೇ ಮುಂದೂಡುತ್ತಾನೆ, ಇಲ್ಲವೇ ಸಹವಾಸಿಯ ಹಾಸಿಗೆಯನ್ನು ಹಂಚಿಕೊಳ್ಳುತ್ತಾನೆ. ತಿಳಿ ಬಣ್ಣದ ಬಟ್ಟೆಯಲ್ಲಿ ಕೊಳೆ ಹಾಗೂ ತಿಗಣೆಯ ಕಲೆಗಳು ಬೇಗ ಕಾಣುತ್ತವೆ.

6. ಶುಚಿತ್ವ ಮತ್ತು ತುರಿಕಜ್ಜಿ

ಬೆಡ್‌ಶೀಟ್ ಅನ್ನು ವಾರಕ್ಕೊಮ್ಮೆ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ರಾತ್ರಿ ಹೊತ್ತು ಹೆಚ್ಚಾಗುವ ತುರಿಕೆ, ಬೆರಳುಗಳ ಸಂದಿಯಲ್ಲಿ ಗುಳ್ಳೆ ಕಂಡುಬಂದಲ್ಲಿ ಅದು ತುರಿಕಜ್ಜಿ ಇರಬಹುದು. ಇದು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹುಳದಿಂದ ಬರುವ ರೋಗವೇ ಹೊರತು ನಾಚಿಕೆಯ ವಿಷಯವಲ್ಲ. ಮುಚ್ಚಿಟ್ಟಲ್ಲಿ ಇಡೀ ಕೊಠಡಿಗೆ ಹರಡುತ್ತದೆ. ಕೂಡಲೇ ಮೇಲ್ವಿಚಾರಕರಿಗೆ ತಿಳಿಸಿ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬೇಕು. ಕೊಠಡಿಯ ಎಲ್ಲರೂ ಒಂದೇ ದಿನ ಚಿಕಿತ್ಸೆ ಪಡೆಯುವುದು ಅಗತ್ಯ. ಅಂದೇ ಬಟ್ಟೆ, ಬೆಡ್‌ಶೀಟ್‌ಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಒಗೆಯಲಾಗದ ಕೌದಿ, ಚಾದರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಬೇಕು. ಮನುಷ್ಯರ ಚರ್ಮದಿಂದ ದೂರವಾದ ಹುಳವು ಸಾಮಾನ್ಯವಾಗಿ 2-3 ದಿನಗಳಲ್ಲಿ ಸಾಯುತ್ತದೆ.

7. ರಸೀದಿ

ಪೊಟ್ಟಣದ ಮೇಲೆ ಅಳತೆ, ತಯಾರಕರ ವಿಳಾಸ ಹಾಗೂ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನು ಪರಿಶೀಲಿಸಿ, ರಸೀದಿಯನ್ನು ತಪ್ಪದೇ ಪಡೆಯತಕ್ಕದ್ದು. ನಮೂದಿತ ಬೆಲೆಗಿಂತ ಹೆಚ್ಚು ಪಡೆದಲ್ಲಿ ಅಥವಾ ದೋಷಯುಕ್ತ ವಸ್ತು ನೀಡಿದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಸಲ್ಲಿಸಬಹುದಾಗಿದೆ.