ಕಾರವಾರದ ಕಡಲತೀರದ ಚಪಲ್

ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿಯಿಂದಲೋ ಕಿತ್ತೂರು, ಬೈಲಹೊಂಗಲದ ಕಡೆಯಿಂದಲೋ ಕಾರವಾರಕ್ಕೆ ಪ್ರವಾಸ ಹೋದವರು ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಚಪಲ್’ ಯುದ್ಧನೌಕೆಯನ್ನು ಕಂಡೇ ಇರುತ್ತಾರೆ. ಆದರೆ ಸೋವಿಯತ್ ರಷ್ಯದಲ್ಲಿ ರೂಪುಗೊಂಡ ಆ ನೌಕೆಯ ಬಲವೂ ದೌರ್ಬಲ್ಯವೂ ಒಂದೇ ಮೂಲದಿಂದ ಹುಟ್ಟಿದವೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಒಂದು ಕಾಲಕ್ಕೆ ರಷ್ಯ ನಂಬಿದ್ದುದು ಕವಚವನ್ನು. 1905ರಲ್ಲಿ ಜಪಾನಿನೊಡನೆ ನಡೆದ ತ್ಸುಶಿಮಾ ಕದನಕ್ಕೆ ಬಂದ ಬೊರೊಡಿನೊ ವರ್ಗದ ಮಹಾನೌಕೆಗಳು, ಮೇಲೇರಿದಂತೆ ಒಳಕ್ಕೆ ಬಾಗಿದ ಪಾರ್ಶ್ವಗಳಿಂದಲೂ ಮಿತಿಮೀರಿದ ಭಾರದಿಂದಲೂ ಸ್ಥಿರತೆಯನ್ನು ಕಳೆದುಕೊಂಡಿದ್ದುವಲ್ಲದೆ, ರಕ್ಷಿಸಬೇಕಾದ ಉಕ್ಕಿನ ಪಟ್ಟಿಯ ಬಹುಭಾಗವನ್ನು ನೀರಿನೊಳಗೇ ಮುಳುಗಿಸಿಕೊಂಡಿದ್ದುವು. ನಾಲ್ಕರಲ್ಲಿ ಮೂರು ಮುಳುಗಿದುವು, ಉಳಿದೊಂದು ಶರಣಾಯಿತು.

ಚಪಲ್ ಇದಕ್ಕೆ ತೀರ ವಿರುದ್ಧವಾದ ಕಲ್ಪನೆ. ಇದಕ್ಕೆ ಕವಚವಿಲ್ಲ; ಉದ್ದ 40 ಮೀಟರಿಗೂ ಕಡಿಮೆ. ಒಡಲಲ್ಲಿ ಮೂರು ಡೀಸೆಲ್ ಯಂತ್ರಗಳು, ಒಂದೊಂದರಲ್ಲಿಯೂ ನಕ್ಷತ್ರಾಕಾರವಾಗಿ ಜೋಡಿಸಿದ 56 ಸಿಲಿಂಡರುಗಳು. ಅಟ್ಟದ ಮೇಲೆ ನಾಲ್ಕು ಪೆಟ್ಟಿಗೆಗಳು, ಒಂದೊಂದರಲ್ಲಿಯೂ ಸುಮಾರು ಎರಡೂವರೆ ಟನ್ ತೂಕದ ಕ್ಷಿಪಣಿ. ವೇಗವಾಗಿ ಧಾವಿಸಿ, ದೂರದಿಂದಲೇ ಹೊಡೆದು, ಹಿಂದಿರುಗುವುದೊಂದೇ ಅದರ ಯುದ್ಧನೀತಿ. ಇದೇ ಜಾತಿಯ ಹಿಂದಿನ ಮಾದರಿಯ ನಿಪಾತ್, ನಿರ್ಘಾತ್, ವೀರ್ ನೌಕೆಗಳು 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಹೊರಗಡಲಲ್ಲಿ ಪಾಕಿಸ್ತಾನದ ಯುದ್ಧನೌಕೆ ಖೈಬರನ್ನು ಮುಳುಗಿಸಿದ ಪರಾಕ್ರಮವನ್ನು ನಾವು ಹೆಮ್ಮೆಯಿಂದ ಸ್ಮರಿಸತಕ್ಕದ್ದೇ ಸರಿ.

ಆದರೆ ಆ ಕ್ಷಿಪಣಿಗೆ ಕಣ್ಣೆಂದರೆ ಮೂತಿಯಲ್ಲಿದ್ದ ರೇಡಾರ್ ಮಾತ್ರ. ಅದು ಅಲೆಗಳನ್ನು ಹೊರಡಿಸಿ, ಮರಳಿ ಬಂದ ಪ್ರತಿಧ್ವನಿಯನ್ನೇ ಹಡಗೆಂದು ಗ್ರಹಿಸಿ, ಅದರತ್ತ ತಿರುಗುತ್ತಿದ್ದಿತು. ನಿಜವಾದ ಪ್ರತಿಧ್ವನಿಗೂ ಹುಸಿಯಾದುದಕ್ಕೂ ಭೇದವೆಣಿಸುವ ವಿವೇಕ ಅದಕ್ಕಿರಲಿಲ್ಲ. 1973ರ ಅಕ್ಟೋಬರಿನಲ್ಲಿ ಸಿರಿಯದ ಲಟಾಕಿಯಾ ಬಂದರಿನ ಬಳಿ ಇಸ್ರೇಲಿನ ನಾವಿಕರು, ಕಣದಲ್ಲಿ ರಾಶಿ ತೂರುವಾಗ ಹಾರುವ ಹೊಟ್ಟಿನಂತೆ ಲೋಹದ ಎಳೆಗಳನ್ನು ಗಾಳಿಗೆ ಚೆಲ್ಲಿ, ಹುಸಿ ರೇಡಿಯೋ ಸಂಕೇತಗಳನ್ನೂ ಹರಡಿದರು. ಸಿರಿಯದ ನೌಕೆಗಳು ಹೊಡೆದ ಇದೇ ಬಗೆಯ ಒಂದು ಕ್ಷಿಪಣಿಯೂ ಗುರಿ ಮುಟ್ಟಲಿಲ್ಲ. ಸುಮಾರು 40 ಕಿಲೋಮೀಟರು ದೂರಕ್ಕೆ ಹೊಡೆಯಬಲ್ಲ ನೌಕೆಗಳು ಬರಿಗೈಯಾದ ಮೇಲೆ, ಅದರ ಅರ್ಧದಷ್ಟು ದೂರವನ್ನಷ್ಟೇ ಮುಟ್ಟಬಲ್ಲ ಎದುರಾಳಿ ನಿರ್ಭಯವಾಗಿ ಸಮೀಪಿಸಿದನು. ಕವಚವಿಲ್ಲದ ಆ ಒಡಲುಗಳಿಗೆ ಉಳಿವಿರಲಿಲ್ಲ. ಎದುರಿನಿಂದ ಬರುವ ಕ್ಷಿಪಣಿಯನ್ನು ತಡೆಯಲು ಈ ಜಾತಿಯ ನೌಕೆಯ ಮೇಲಿದ್ದುದು 30 ಮಿಲಿಮೀಟರ್ ಬಾಯಿಯ ಎರಡು ಜೋಡಿ ಫಿರಂಗಿಗಳಷ್ಟೇ.

ಸುಧಾರಿಸಿದ ಮಾದರಿಯೆನಿಸಿದ ಚಪಲ್ ನಮ್ಮ ನೌಕಾಪಡೆಯನ್ನು ಸೇರಿದುದು 1976ರಲ್ಲಿ, ಲಟಾಕಿಯಾದ ಕದನ ನಡೆದ ಮೂರು ವರ್ಷಗಳ ತರುವಾಯ. ನೌಕೆ ಹೊಸದಾಗಿದ್ದರೂ ಅದರ ಹಿಂದಿನ ಕಲ್ಪನೆ ಆಗಲೇ ಹಳೆಯದಾಗಿದ್ದಿತೆಂಬುದು ನನ್ನ ದೃಢವಾದ ಅಭಿಮತ. ಹಾಗಿದ್ದೂ ಅದನ್ನು 2005ರವರೆಗೆ ದುಡಿಸಿದ ಕೀರ್ತಿ ನಮ್ಮ ನಾವಿಕರಿಗೆ ಸಲ್ಲಬೇಕು.