ನಿಮಗಿದು ಗೊತ್ತೆ? ಪ್ರೋಟೀನ್ ಮಡಿಕೆಯ ಲೆಕ್ಕ
ಅಮೈನೋ ಆಮ್ಲಗಳ ಸರವಾದ ಪ್ರೋಟೀನ್ ಸಾಮಾನ್ಯವಾಗಿ ಸರಿಯಾಗಿ ಮಡಿಚಿಕೊಂಡರಷ್ಟೇ ಕೆಲಸ ಮಾಡುತ್ತದೆ. ಆ ಸರ ಯಾವ ಕೋನಗಳಲ್ಲಿ ತಿರುಗಬಲ್ಲದು ಎಂಬುದನ್ನು 1963ರಲ್ಲೇ ಲೆಕ್ಕಹಾಕಿ ತೋರಿಸಿದವರು ಮದ್ರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ಜಗತ್ತಿನ ಪ್ರಯೋಗಾಲಯಗಳು ಪ್ರೋಟೀನ್ ರಚನೆಯನ್ನು ಇಂದಿಗೂ ಆ ಲೆಕ್ಕದಿಂದ ಮೂಡಿದ 'ರಾಮಚಂದ್ರನ್ ನಕ್ಷೆ'ಯಿಂದ ಒರೆಗೆ ಹಚ್ಚುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ರಾಮಚಂದ್ರನ್, 1971ರಲ್ಲಿ ಅಲ್ಲೇ ಅಣು ಜೀವಭೌತವಿಜ್ಞಾನ ವಿಭಾಗ ಕಟ್ಟಿದರು.

ಆ ಸರ ಹೇಗೆ ಅಲುಗಾಡುತ್ತದೆ ಎಂದು ಲೆಕ್ಕಹಾಕುವುದು ಕಂಪ್ಯೂಟರಿಗೂ ಕಷ್ಟ. 1977ರಲ್ಲಿ ಕಂಪ್ಯೂಟರ್ ಮೊದಲ ಬಾರಿಗೆ ಪ್ರೋಟೀನಿನ ಅಲುಗಾಟವನ್ನು ಅನುಕರಿಸಿದ್ದು ಬರೀ 9 ಪಿಕೊಸೆಕೆಂಡಿನಷ್ಟು. ಒಂದು ಪಿಕೊಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು!

ಬಳ್ಳಾರಿಯ ಪಾರ್ವತಿನಗರದ ಮನೆಯಲ್ಲಿ ಸುಮ್ಮನಿರುವ ಕಂಪ್ಯೂಟರ್ ಕೂಡ ಈ ಲೆಕ್ಕಕ್ಕೆ ನೆರವಾಗಬಹುದು. ಇಂಥ ಲೆಕ್ಕವನ್ನು ಮನೆಗಳ ಕಂಪ್ಯೂಟರುಗಳಿಗೆ ಹಂಚುವ, 2000ದಲ್ಲಿ ಶುರುವಾದ 'ಫೋಲ್ಡಿಂಗ್ ಅಟ್ ಹೋಮ್' ಯೋಜನೆಗೆ ಯಾರು ಬೇಕಾದರೂ ಉಚಿತವಾಗಿ ಸೇರಬಹುದು.